ರಾತ್ರಿ ಇಟ್ಟ ಹುರುಳಿ, ಬೆಳಗಿನ ಡಬ್ಬಿ

ನಾವು ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ಆಫೀಸು ಅಂಧೇರಿ ಪೂರ್ವದಲ್ಲಿ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಘಾಟ್ಕೋಪರ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಮೆಟ್ರೋ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬಂದು ಚಪ್ಪಲಿ ಬಿಡುವಾಗ ಎಂಟು ಗಂಟೆ. ಯಜಮಾನರದ್ದೂ ಹೆಚ್ಚುಕಡಿಮೆ ಇದೇ ಓಡಾಟ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅಂದರೆ ಬೆಳಿಗ್ಗೆ ಮೂರು ಡಬ್ಬಿ, ರಾತ್ರಿ ಮೂವರ ಊಟ.

ಮೂರು ವರ್ಷದ ಹಿಂದೆ ಸ್ಲೋ ಕುಕ್ಕರ್ ತಂದೆವು, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಮೂರೂವರೆ ಲೀಟರಿನದು, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಎಲ್ಲ ಹಾಕಿಟ್ಟು ಹೋಗಿ, ಸಂಜೆ ಬಂದಾಗ ಊಟ ರೆಡಿ ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿತ್ತು. ನಾನು ಹಾಗೇ ಮಾಡಿದೆ. ಸರಿಹೋಗಲಿಲ್ಲ.

ಲೆಕ್ಕ ನೋಡಿ. 'ಲೋ'ದಲ್ಲಿ, ಅಂದರೆ ಕಡಿಮೆ ಬಿಸಿಯಲ್ಲಿ, ಇಟ್ಟರೆ ಅಡುಗೆಗೆ ಎಂಟು ಗಂಟೆ ಬೇಕು. ನಾವು ಮನೆಯಿಂದ ಹೊರಗಿರುವುದು 13 ಗಂಟೆ. ಬೆಂದ ಮೇಲೆ ಅದು ತಾನಾಗಿ 'ವಾರ್ಮ್'ಗೆ ಹೋಗುತ್ತದೆ, ನಿಜ. ಆದರೆ ಐದು ಗಂಟೆ ಬೆಚ್ಚಗೆ ಕೂತ ಸಾಂಬಾರಿಗೆ ತರಕಾರಿಯ ರೂಪವೂ ಇರಲಿಲ್ಲ, ಘಮವೂ ಇರಲಿಲ್ಲ. ಇನ್ನೊಂದು ಸಲ ಬೇಳೆಯ ಜೊತೆಗೇ ಹುಣಸೆರಸ, ಟೊಮೆಟೊ ಹಾಕಿಬಿಟ್ಟಿದ್ದೆ. ಇಡೀ ದಿನ ಬೆಂದರೂ ತೊಗರಿಬೇಳೆ ಹಲ್ಲಿಗೆ ಸಿಗುತ್ತಿತ್ತು. ಹುಳಿ ಇದ್ದರೆ ಬೇಳೆಕಾಳು ಬೇಗ ಮೆತ್ತಗಾಗುವುದಿಲ್ಲ. ಇದೆಲ್ಲ ಒಂದು ಕಡೆಯಾದರೆ, ಖಾಲಿ ಮನೆಯಲ್ಲಿ ಕರೆಂಟಿನ ಪಾತ್ರೆ ಉರಿಯುತ್ತಿದೆ ಎಂಬ ಯೋಚನೆ ಇನ್ನೊಂದು ಕಡೆ. ಲೋಕಲ್ ಠಾಣೆ ಸ್ಟೇಷನ್ ದಾಟುವಷ್ಟರಲ್ಲಿ ಆ ಯೋಚನೆ ಶುರುವಾಗುತ್ತಿತ್ತು.

ದಾರಿ ತೋರಿಸಿದ್ದು ಅಮ್ಮ. ಕುಂದಾಪುರದ ಹತ್ತಿರ ನಮ್ಮ ಊರು. ಫೋನಿನಲ್ಲಿ ನನ್ನ ಕಷ್ಟ ಕೇಳಿ ಅಮ್ಮ ಹೇಳಿದರು, "ಅಲ್ಲ ಮಗಾ, ಹುರುಳಿಯನ್ನು ಹಗಲು ಯಾರು ಬೇಯಿಸ್ತಾರೆ? ರಾತ್ರಿ ಒಲೆ ಮೇಲೆ ಇಟ್ಟು ಮಲಗುವುದಲ್ವಾ?"

ಒಮ್ಮೆಲೇ ಎಲ್ಲ ನೆನಪಾಯಿತು. ಅಜ್ಜಿ ಸಂಜೆ ದನಗಳಿಗೆಂದು ದೊಡ್ಡ ಹಂಡೆಯಲ್ಲಿ ಹುರುಳಿ ಹಾಕಿ ಬಚ್ಚಲ ಒಲೆಯ ಮೇಲೆ ಇಡುತ್ತಿದ್ದರು. ಕೊಳ್ಳಿ ಹಿಂದಕ್ಕೆ ಎಳೆದು, ಬರೀ ಕೆಂಡ ಬಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಅದರ ಕಟ್ಟು ಬಸಿದರೆ ನಮಗೆ ಸಾರು, ಕಾಳು ದನಗಳಿಗೆ. ಹಗಲಿಗಲ್ಲ, ರಾತ್ರಿಗೆ ಹೇಳಿ ಮಾಡಿಸಿದ ಅಡುಗೆ ಅದು.

ಸ್ಲೋ ಕುಕ್ಕರ್ ಹುಟ್ಟಿದ್ದೂ ರಾತ್ರಿಯ ಅಡುಗೆಯಿಂದಲೇ ಎಂದು ಆಮೇಲೆ ಗೊತ್ತಾಯಿತು. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಅವರ ತಾಯಿಯ ಊರು ಲಿಥುವೇನಿಯಾ. ಯಹೂದಿಗಳು ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿಯ ದಿನ, ಒಲೆ ಹೊತ್ತಿಸುವುದಿಲ್ಲ. ಹಾಗಾಗಿ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಕಾಳು, ಮಾಂಸ ಹಾಕಿದ ಪಾತ್ರೆಯನ್ನು ಬೇಕರಿಗೆ ಕಳಿಸುತ್ತಿದ್ದರಂತೆ. ಆರುತ್ತಾ ಬಂದ ಬೇಕರಿ ಒಲೆಯ ಬಿಸಿಯಲ್ಲಿ ಅದು ರಾತ್ರಿಯೆಲ್ಲ ಬೇಯುತ್ತಿತ್ತು. ಆ ಅಡುಗೆಯ ಹೆಸರು ಚೋಲೆಂಟ್. ತಾಯಿ ಹೇಳಿದ ಈ ಸಂಗತಿಯಿಂದಲೇ ಮಗನಿಗೆ ಈ ಪಾತ್ರೆ ಹೊಳೆಯಿತು. 1971ರಲ್ಲಿ ಇದು ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಾಗ, ಹಗಲು ಕೆಲಸಕ್ಕೆ ಹೋಗುವವರಿಗೆ ಎಂದು ಮಾರಿದರು. ಲಿಥುವೇನಿಯಾದ ಆ ಒಲೆಯ ಬಗ್ಗೆ ಓದಿದಾಗ ನನಗೆ ನಮ್ಮ ಬಚ್ಚಲ ಒಲೆಯೇ ಕಣ್ಣ ಮುಂದೆ ಬಂತು.

ಈಗ ನಮ್ಮ ಕ್ರಮ ಹೀಗಿದೆ. ರಾತ್ರಿ ಒಂಬತ್ತೂವರೆಗೆ ಇಡುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದಾಗ ಬೆಂದಿರುತ್ತದೆ. ನಾವೆಲ್ಲ ಮನೆಯಲ್ಲೇ ಇರುತ್ತೇವೆ, ಹೆದರಿಕೆ ಇಲ್ಲ. ಎಂಟು ಗಂಟೆ ಅಂದರೆ ಸರಿಯಾಗಿ ಎಂಟೇ ಗಂಟೆ.

ಹುರುಳಿಯಿಂದಲೇ ಶುರು ಮಾಡಿ ಎನ್ನುತ್ತೇನೆ. ಒಂದು ಲೋಟ ಹುರುಳಿ ತಗೊಳ್ಳಿ. ಕಲ್ಲು ಜಾಸ್ತಿ ಇರುತ್ತದೆ, ತಟ್ಟೆಯಲ್ಲಿ ಹರಡಿ ಆರಿಸಿ. ಬೆಳಿಗ್ಗೆ ಹೊರಡುವ ಮೊದಲು ನೀರು ಹಾಕಿ ಫ್ರಿಜ್ಜಿನಲ್ಲಿಡಿ. ಮುಂಬಯಿಯ ಸೆಕೆಯಲ್ಲಿ ಹೊರಗಿಟ್ಟರೆ ಸಂಜೆಗೆ ನೊರೆ ಬಂದು ವಾಸನೆ ಹೊಡೆಯುತ್ತದೆ. ರಾತ್ರಿ ಆ ನೀರು ಚೆಲ್ಲಿ, ಹೊಸ ನೀರು ಆರು ಲೋಟ ಹಾಕಿ ಗ್ಯಾಸಿನ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ. ಆಮೇಲೆ ಕುಕ್ಕರಿಗೆ. ಪಿಂಗಾಣಿ ಪಾತ್ರೆ ತಣ್ಣಗಿದ್ದರೆ ಕುದಿಯುವ ನೀರಿಗೆ ಬಿರುಕು ಬಿಡಬಹುದು. ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. 'ಲೋ'ಗೆ ತಿರುಗಿಸಿ ಮಲಗಿ. ಮಧ್ಯೆ ಎದ್ದು ಮುಚ್ಚಳ ತೆಗೆದು ನೋಡಬೇಡಿ. ಒಂದು ಸಲ ತೆಗೆದರೆ ಹೋದ ಬಿಸಿ ವಾಪಸ್ ಬರಲು ಇಪ್ಪತ್ತು ನಿಮಿಷ ಬೇಕು.

ಬೆಳಿಗ್ಗೆ ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆಯ ಹಾಗೆ ಆಗಿರುತ್ತದೆ. ಕಟ್ಟು ಕಂದು ಬಣ್ಣಕ್ಕೆ ಬಂದು ಮಂದವಾಗಿರುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದರೂ ನನಗೆ ಈ ಕಟ್ಟು ಸಿಕ್ಕಿಲ್ಲ. ಅದನ್ನು ಬಸಿದು, ಎರಡು ಸೌಟು ಕಾಳು ಅರೆದು ಅದಕ್ಕೇ ಸೇರಿಸಿ. ಹುಣಸೆರಸ, ಉಪ್ಪು, ಚೂರು ಬೆಲ್ಲ, ಕುಟ್ಟಿದ ಮೆಣಸು ಜೀರಿಗೆ ಹಾಕಿ ಗ್ಯಾಸಿನ ಮೇಲೆ ಕುದಿ ಬರಿಸಿ. ಕೊಬ್ಬರಿಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಹುರಿದು ಒಗ್ಗರಣೆ ಕೊಡಿ. ಉಳಿದ ಕಾಳಿಗೆ ತೆಂಗಿನತುರಿ, ಒಣಮೆಣಸು ಹಾಕಿ ಪಲ್ಯ. ಅಲ್ಲಿಗೆ ಡಬ್ಬಿಗೆ ಪಲ್ಯ ಚಪಾತಿ, ರಾತ್ರಿಗೆ ಸಾರು ಅನ್ನ. ಬೆಳಿಗ್ಗೆ ಇಷ್ಟಕ್ಕೆ ನನಗೆ ಬೇಕಾಗುವುದು ಇಪ್ಪತ್ತೈದು ನಿಮಿಷ.

ರಾತ್ರಿಯ ಪಾಲನ್ನು ಹಾಗೇ ಕಟ್ಟೆಯ ಮೇಲೆ ಬಿಟ್ಟು ಹೋಗಬೇಡಿ. ಅಗಲವಾದ ಸ್ಟೀಲ್ ಪಾತ್ರೆಗೆ ಹಾಕಿ, ಅದನ್ನು ತಣ್ಣೀರಿನ ತಟ್ಟೆಯಲ್ಲಿ ಇಟ್ಟರೆ ಸ್ನಾನ ಮುಗಿಸುವಷ್ಟರಲ್ಲಿ ಆರುತ್ತದೆ. ಕೂಡಲೇ ಫ್ರಿಜ್ಜಿಗೆ.

ಎರಡನೆಯದು ಕುಚ್ಚಲಕ್ಕಿ ಗಂಜಿ. ಇದರಲ್ಲಿ ಹೇಳುವುದೇ ಇಲ್ಲ. ಒಂದು ಲೋಟ ಅಕ್ಕಿ, ಏಳು ಲೋಟ ಬಿಸಿನೀರು, ರಾತ್ರಿಯೆಲ್ಲ 'ಲೋ'. ಬೆಳಿಗ್ಗೆ ಉಪ್ಪು. ಅಕ್ಕಿ ಅರಳಿ, ತಿಳಿ ದಪ್ಪಗೆ ಆಗಿರುತ್ತದೆ. ಮಿಡಿ ಉಪ್ಪಿನಕಾಯಿ ಇದ್ದರೆ ಬೇರೇನೂ ಬೇಡ. ಬೆಳ್ತಿಗೆ ಅಕ್ಕಿಯನ್ನು ಮಾತ್ರ ಹೀಗೆ ಇಡಬೇಡಿ, ಅಂಟಾಗುತ್ತದೆ.

ಕಡಲೆ ಗಸಿಗೂ ಇದೇ ಕ್ರಮ. ಕಪ್ಪು ಕಡಲೆ ರಾತ್ರಿ ಬೇಯಲಿ. ಮಸಾಲೆಯನ್ನು ನಾನು ಭಾನುವಾರವೇ ಮಾಡಿಡುತ್ತೇನೆ. ಒಣಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದು, ತೆಂಗಿನತುರಿಯ ಜೊತೆ ಅರೆದು, ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡುತ್ತೇನೆ. ಬೆಳಿಗ್ಗೆ ಐದಾರು ತುಂಡು ಹಾಕಿ ಕುದಿಸಿದರೆ ಆಯಿತು. ತೆಂಗಿನಕಾಯಿ, ಮೊಸರು, ಹಾಲು ಯಾವುದನ್ನೂ ರಾತ್ರಿ ಹಾಕುವಂತಿಲ್ಲ, ಒಡೆಯುತ್ತದೆ. ಈರುಳ್ಳಿ ಹಾಕುವುದಾದರೆ ಮೊದಲೇ ಹುರಿದು ಹಾಕಿ. ಈ ಪಾತ್ರೆಯಲ್ಲಿ ಅದು ಕೆಂಪಾಗುವುದಿಲ್ಲ, ಸುಮ್ನೆ ಹಸಿ ವಾಸನೆ ಉಳಿಯುತ್ತದೆ. ಸುವರ್ಣಗಡ್ಡೆ ರಾತ್ರಿಗೆ ತಡೆಯುತ್ತದೆ. ನಾವು ಮಾಟುಂಗಾ ಮಾರ್ಕೆಟಿನಿಂದ ಆಸೆಪಟ್ಟು ತರುವ ಮಂಗಳೂರು ಸೌತೆ ತಡೆಯುವುದಿಲ್ಲ, ಕರಗಿಹೋಗುತ್ತದೆ. ಅದಕ್ಕೆ ಗ್ಯಾಸೇ ಸರಿ.

ರಾಜ್ಮಾ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅದರಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷದ ಅಂಶ ಇದೆ, ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ. ಸ್ಲೋ ಕುಕ್ಕರಿನ ಸಣ್ಣ ಬಿಸಿಯಲ್ಲಿ ಅರೆಬೆಂದರೆ ಹಸಿ ಕಾಳಿಗಿಂತಲೂ ಕೆಟ್ಟದ್ದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸದೆ ದಯವಿಟ್ಟು ಹಾಕಬೇಡಿ.

ಕರೆಂಟ್ ಕೂಡ ನೋಡಿಕೊಳ್ಳಬೇಕು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಮೈಕ್ರೋವೇವ್‌ನ ಗಡಿಯಾರ ಮಿಣಮಿಣ ಎನ್ನುತ್ತಿತ್ತು. ರಾತ್ರಿ ಯಾವಾಗಲೋ ಕರೆಂಟ್ ಹೋಗಿ ಬಂದಿತ್ತು. ನಮ್ಮದು ಬಟನ್ ಒತ್ತುವ ಡಿಜಿಟಲ್ ಕುಕ್ಕರ್, ಕರೆಂಟ್ ಬಂದರೂ ತಾನಾಗಿ ಶುರುವಾಗಿರಲಿಲ್ಲ. ಕಡಲೆ ಉಗುರುಬೆಚ್ಚಗಿತ್ತು. ಮನಸ್ಸಿಗೆ ಬಹಳ ಬೇಜಾರಾದರೂ ಅಷ್ಟನ್ನೂ ಚೆಲ್ಲಿದೆ. ಎಷ್ಟು ಹೊತ್ತು ಹಾಗೆ ಕೂತಿತ್ತೋ ಗೊತ್ತಿಲ್ಲ, ಮತ್ತೆ ಕುದಿಸಿದರೂ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಹೋಗುವುದಿಲ್ಲ. ಆ ತಿಂಗಳೇ ತಿರುಗಿಸುವ ಗುಬ್ಬಿ ಇರುವ ಸಾದಾ ಕುಕ್ಕರ್ ತಂದೆವು. ಅದು ಕರೆಂಟ್ ಬಂದ ಕೂಡಲೇ ಮತ್ತೆ ಬಿಸಿಯಾಗುತ್ತದೆ. ನೀವು ಹೊಸದಾಗಿ ಕೊಳ್ಳುವುದಾದರೆ ಇದನ್ನೇ ಕೇಳಿ ತಗೊಳ್ಳಿ. ಹಾಗಿದ್ದರೂ ಗಡಿಯಾರ ಮಿಣುಕುತ್ತಿದ್ದರೆ ನಾನು ಆ ಅಡುಗೆ ಬಳಸುವುದಿಲ್ಲ.

"ಬಿಲ್ ಎಷ್ಟು ಬರ್ತದೆ ಮಾರಾಯ್ತಿ?" ಎಂದು ಅಮ್ಮ ಕೇಳುತ್ತಲೇ ಇರುತ್ತಾರೆ. ಹೊಸ ಕುಕ್ಕರಿನ ಅಡಿಯಲ್ಲಿ 200 ವ್ಯಾಟ್ ಎಂದಿದೆ. ಎಂಟು ಗಂಟೆಗೆ ಹೆಚ್ಚೆಂದರೆ 1.6 ಯೂನಿಟ್. 2000 ವ್ಯಾಟಿನ ಇಂಡಕ್ಷನ್ ಒಲೆ ಅರ್ಧ ಗಂಟೆಗೇ ಒಂದು ಯೂನಿಟ್ ಎಳೆಯುತ್ತದೆ. ದುಡ್ಡು ಉಳಿಸಲು ಇದನ್ನು ಕೊಳ್ಳಬೇಡಿ, ಬೆಳಗಿನ ಹೊತ್ತು ಉಳಿಸಲು ಕೊಳ್ಳಿ.

ಮೇಲಿನ ಮನೆಯ ಕಾಕೂ ಸಿಂಧುದುರ್ಗದವರು. ಅವರು ಹುರುಳಿಗೆ ಕುಳೀಥ್ ಎನ್ನುತ್ತಾರೆ, ಅದರ ಹಿಟ್ಟಿನಲ್ಲಿ ಪಿಠಲೆ ಮಾಡುತ್ತಾರೆ. ನನ್ನ ಕಟ್ಟಿನ ರುಚಿ ನೋಡಿ, ಹುಣಸೆಯ ಬದಲು ಕೋಕಂ ಹಾಕಿ ನೋಡು ಎಂದು ಊರಿನಿಂದ ತಂದ ಕೋಕಂ ಒಂದು ಹಿಡಿ ಕೊಟ್ಟರು. ನಿಜಕ್ಕೂ ಚೆನ್ನಾಗಿತ್ತು. ಇವತ್ತೂ ಫ್ರಿಜ್ಜಿನಲ್ಲಿ ಹುರುಳಿ ನೆನೆಯುತ್ತಿದೆ. ಕಾಕೂಗೂ ಒಂದು ಪಾತ್ರೆ ಕೊಡಬೇಕು, ಹಾಗಾಗಿ ಒಂದೂವರೆ ಲೋಟ ಹಾಕಿದ್ದೇನೆ. ನೀರು ಒಂಬತ್ತು ಲೋಟ.