ಅಣ್ಣ ಕೆಂಪು ಶಾಯಿಯಲ್ಲಿ ಹೊಡೆದದ್ದು

ಅಪ್ಪನನ್ನು ನಮ್ಮನೆಯಲ್ಲಿ ಅಣ್ಣ ಅನ್ನುತ್ತೇವೆ. ಅಣ್ಣನ ನೋಟ್‌ಬುಕ್ಕುಗಳನ್ನು ಕ್ಯಾಮೆರಾದಲ್ಲೇ ಹಿಡಿಯುತ್ತೇನೆ ಅಂದಾಗ ತುಮಕೂರಿನ ಸ್ಟುಡಿಯೋ ಗೆಳೆಯರು ಒಬ್ಬರೂ ಒಪ್ಪಲಿಲ್ಲ, ಸ್ಕ್ಯಾನರೇ ಸರಿ ಅಂದರು. 23 ನೋಟ್‌ಬುಕ್ಕು, 3,400 ಪುಟದ ಆಸುಪಾಸು. ಬೆಂಗಳೂರಿನ ಸ್ಕ್ಯಾನಿಂಗಿನವರು ಪುಟಕ್ಕೆ ಎಂಟು ರೂಪಾಯಿ ಹೇಳಿ, ಹೊಲಿಗೆ ಬಿಚ್ಚಬೇಕು ಅಂದರು. "ಬಿಚ್ಚೋದಾದ್ರೆ ಒಲೆಗೆ ಹಾಕು" ಅಂದರು ಅಣ್ಣ. ಮೂವತ್ತು ವರ್ಷದಿಂದ ನನ್ನ ಫೋಟೋ ಕಸುಬನ್ನು "ಮದುವೆಮನೆ ಕೆಲಸ" ಅಂದವರು ಅವರು. ನಾನು ತೆಗೆದ ಅವರ ಪಟ ಅವರ ಒಂದು ಪುಸ್ತಕದ ಬೆನ್ನಿಗೂ ಹೋಗಿಲ್ಲ.

ಫಿಲ್ಮಿನ ಕಾಲದಲ್ಲಿ ಫೋಟೋ ದೊಡ್ಡದು ಮಾಡುತ್ತಿದ್ದ ಹಳೆ ಎನ್ಲಾರ್ಜರಿನ ತಲೆ ಬಿಚ್ಚಿ ಆ ಕಂಬಕ್ಕೇ ಕ್ಯಾಮೆರಾ ಕೂರಿಸಿದೆ. ತೀರಾ ಹತ್ತಿರದಿಂದ ಹಿಡಿಯುವ ಸೆಕೆಂಡ್‌ಹ್ಯಾಂಡ್ ಮ್ಯಾಕ್ರೋ ಲೆನ್ಸಿಗೆ ಹದಿನಾಲ್ಕು ಸಾವಿರ ಹೋಯಿತು. ಸೋತದ್ದು ಬೆಳಕಿನಲ್ಲಿ. ನಾನೂರು ರೂಪಾಯಿಯ ಎಲ್‌ಇಡಿ ಪಟ್ಟಿ ನಂಬಿ 1/250 ಸೆಕೆಂಡಿನ ಶಟರಿನಲ್ಲಿ ಹೊಡೆದ ಆರುನೂರು ಫ್ರೇಮಿಗೂ ಅಡ್ಡಪಟ್ಟೆ; ಪಟ್ಟಿ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತಿತ್ತು. 1/50ಕ್ಕೆ ಇಳಿಸಿದ ಮೇಲೆ ಹೋಯಿತು. ಅಷ್ಟರಲ್ಲಿ ಎರಡು ಮದುವೆ ಆರ್ಡರ್ ಕೈತಪ್ಪಿತ್ತು.

ಹೆಂಚು ಸೋರಿ ಪುಟಗಳಿಗೆ ಕಂದು ಕಲೆ, ನೀಲಿ ಶಾಯಿ ಮಂಕು. ಕ್ಯಾಮೆರಾದ ಮೂಲ ಕಡತವಾದ ರಾ ಫೈಲಿನಿಂದ ಕೆಂಪು ಚಾನೆಲ್, ಅಂದರೆ ಕೆಂಪು ಬೆಳಕಿನ ಪಾಲು, ಒಂದನ್ನೇ ತೆಗೆದೆ. ಕಲೆ ಬಹುಪಾಲು ಕರಗಿತು, ನೀಲಿ ಅಕ್ಷರ ಕಪ್ಪಗೆ ಎದ್ದು ಬಂತು. ಸ್ಕ್ಯಾನರ್ ಅನ್ನುತ್ತಿದ್ದವರನ್ನೆಲ್ಲ ಕರೆದು ತೋರಿಸಿದೆ. ಪುಟ ಬಗ್ಗದಂತೆ ಹಿಡಿದ ಉಪಾಯ ಮಾತ್ರ ನನ್ನಲ್ಲೇ ಇರಲಿ.

ನಡುವೆ ಬಾಲ್‌ಪೆನ್ ಒತ್ತಿದ ಗುರುತು ಓದಲು ಟಾರ್ಚನ್ನು ಅಡ್ಡ ಹಿಡಿದೆ. ಹಿಂದಿನ ಹಾಳೆ ಹರಿದುಹೋಗಿದ್ದರೂ ಅದರ ಸಾಲು ಕಂಡಿತು. ಅದೇ ಹುರುಪಿನಲ್ಲಿ ಒಂದು ಸಂಜೆ ತುಮಕೂರಿನ ಹತ್ತಿರದ ಹಳೇ ದೇವಸ್ಥಾನದ ಊರು ಕೈದಾಳಕ್ಕೆ ಹೋಗಿ ಶಾಸನದ ಕಲ್ಲಿನ ಮೇಲೂ ಅಡ್ಡಬೆಳಕು ಬಿಟ್ಟೆ. ತುಮಕೂರು ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ಅಣ್ಣನ ತಲೆದಿಂಬಿನ ಪಕ್ಕ ಇರುತ್ತಿತ್ತು. ಆ ಫೋಟೋಗಳನ್ನು ಅವರು ಅರ್ಧ ಗಂಟೆ ನೋಡಿದರು. ನನ್ನ ಯಾವ ಚಿತ್ರವನ್ನೂ ಅಷ್ಟು ಹೊತ್ತು ನೋಡಿದ್ದಿಲ್ಲ.

ನಾನು ಎಣಿಸದೇ ಇದ್ದದ್ದು ಒಂದಿತ್ತು. ಅಣ್ಣ ತಿದ್ದುತ್ತಿದ್ದುದು ಕೆಂಪು ಶಾಯಿಯಲ್ಲಿ. ಕೆಂಪು ಚಾನೆಲ್‌ನಲ್ಲಿ ಆ ಗೆರೆಗಳೂ ಮಾಯ. ಅವರು ಹೊಡೆದು ಹಾಕಿದ್ದೆಲ್ಲ ನಿನ್ನೆ ಬರೆದಂತೆ ನಿಂತಿತ್ತು. ಒಂಬತ್ತನೇ ನೋಟ್‌ಬುಕ್ಕಿನಲ್ಲಿ ನನ್ನ ಮೊದಲ ಕ್ಯಾಮೆರಾದ ಬಗ್ಗೆ ಎರಡು ಸಾಲು. ಏನೆಂದು ಇಲ್ಲಿ ಬರೆಯುವುದಿಲ್ಲ. ವಾರವಿಡೀ ನಿದ್ದೆ ಬರಲಿಲ್ಲ.

ಕೊನೆಗೆ ಎಲ್ಲಕ್ಕೂ ಎರಡು ಪ್ರತಿ ಮಾಡಿದೆ: ಬಣ್ಣದ್ದು, ಗೆರೆ ಇದ್ದಂತೆ, ಇನ್ನೊಂದು ಕೆಂಪು ಚಾನೆಲ್‌ದು. ಆ ಪುಟದ ಎರಡನೆಯದನ್ನು ಎ3 ಅಳತೆಗೆ ಪ್ರಿಂಟ್ ಹಾಕಿ ಅವರ ಮುಂದಿಟ್ಟೆ. ಭೂತಗನ್ನಡಿ ಹಿಡಿದು ಓದಿದರು. "ಕೆಂಪು ಪೆನ್ನು ಕೊಡೋ" ಅಂದರು. ಎರಡು ಸಾಲಿನಲ್ಲಿ ಒಂದನ್ನು ಮಾತ್ರ ಹೊಡೆದು ವಾಪಸ್ಸು ಕೊಟ್ಟರು.