ಕನ್ನಡ ಪಾಸ್‌ವರ್ಡ್ ಬರುತ್ತೆ, ಲಾಗಿನ್ ಕೋಡ್ ನೋಡ್ಕೊಳ್ಳಿ
ತುಮಕೂರಿನ ಗೆಳೆಯರೇ, ಪಾಸ್‌ಪೋರ್ಟ್ ಜೆಎಸ್ (ಲಾಗಿನ್ ನೋಡಿಕೊಳ್ಳೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಹಾಕಿ ಆ್ಯಪ್‌ಗೆ ಲಾಗಿನ್ ಕಟ್ಟೋರಿಗೆ ಒಂದು ಮಾತು. ತಿಪಟೂರಿನ ಕೊಬ್ಬರಿ ವರ್ತಕರಿಗೋ ರೈತರಿಗೋ ಆ್ಯಪ್ ಮಾಡಿದರೆ ಕೆಲವರು ಪಾಸ್‌ವರ್ಡನ್ನೂ ಕನ್ನಡದಲ್ಲೇ ಹೊಡೀತಾರೆ. ಹೊಡೀಲಿ ಬಿಡಿ, ತಡೀಬೇಡಿ. ಆದರೆ ‘ಕೊ’ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರಬಹುದು: ಕ ಜೊತೆ ಒಂದೇ ಸ್ವರಚಿಹ್ನೆ, ಇಲ್ಲವೇ ಎರಡು ಚೂರು. ಕಣ್ಣಿಗೆ ಒಂದೇ, ಹ್ಯಾಶ್ (ಪಾಸ್‌ವರ್ಡ್ ಬದಲು ಉಳಿಸಿಡೋ ಗುಪ್ತ ರೂಪ) ಮಾತ್ರ ಬೇರೆ. ಮೊಬೈಲಲ್ಲಿ ತೆರೆದ ಖಾತೆ ಕಂಪ್ಯೂಟರಲ್ಲಿ ಕೈಕೊಡುತ್ತೆ. ಅದಕ್ಕೇ ನೋಂದಣಿ, ಲಾಗಿನ್ ಎರಡೂ ಕಡೆ, ಹ್ಯಾಶ್ ಮಾಡೋಕೆ ಮುಂಚೆ, ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಮೆಥಡ್‌ಗೆ ಎನ್‌ಎಫ್‌ಕೆಸಿ (ಎರಡೂ ಬಗೆಯನ್ನು ಒಂದೇ ರೂಪಕ್ಕೆ ತರೋ ಯೂನಿಕೋಡ್ ನಿಯಮ) ಕೊಟ್ಟು ಕರೆಯಿರಿ.

ಇನ್ನೊಂದು, ಹ್ಯಾಶ್ ಮಾಡೋ ಬಿಕ್ರಿಪ್ಟ್ ವಿಧಾನ ನೋಡೋದು ಮೊದಲ 72 ಬೈಟ್ ಅಷ್ಟೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, 24ಕ್ಕೇ ಮುಗೀತು! ಒತ್ತು, ಕಾಗುಣಿತ ಎಲ್ಲಾ ಲೆಕ್ಕಕ್ಕೆ ಸೇರುತ್ತೆ. ಉದ್ದದ ಪಾಸ್‌ವರ್ಡ್‌ಗೆ ಬಿಕ್ರಿಪ್ಟ್ ಬದಲು ಆರ್ಗಾನ್ 2 ಅನ್ನೋ ಹ್ಯಾಶ್ ವಿಧಾನ ಹಾಕಿ.