ವಿಂಡೋಸ್‌ನಿಂದ ಲಿನಕ್ಸ್‌ಗೆ: ಡಿಸ್ಕ್ ಹಂಚೋವಾಗ ಹುಷಾರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತ ಮೇಲೆ ಅದರ ಬದಲು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಳ್ಳೋಕೆ ಹೊರಟ ಎಷ್ಟೋ ಜನರ ಪಕ್ಕ ಕೂತಿದೀನಿ, ಹೆಚ್ಚಿನವರು ಎಡವೋದು ಒಂದೇ ಜಾಗದಲ್ಲಿ, ಡಿಸ್ಕ್ ಹಂಚೋವಾಗ.

ಮೊದಲು ನೀವಾಡೋ ಗೇಮ್‌ಗಳನ್ನ ಪ್ರೋಟಾನ್‌ಡಿಬಿಯಲ್ಲಿ ಹುಡುಕಿ, ಯಾವ ವಿಂಡೋಸ್ ಗೇಮ್ ಲಿನಕ್ಸಲ್ಲಿ ಓಡುತ್ತೆ ಅಂತ ತೋರಿಸೋ ಸೈಟ್ ಅದು. ವ್ಯಾಲರಂಟ್, ಫೋರ್ಟ್‌ನೈಟ್ ಓಡಲ್ಲ, ಅವುಗಳ ಆಂಟಿ-ಚೀಟ್ (ಮೋಸದಾಟ ತಡೆಯೋ ಸಾಫ್ಟ್‌ವೇರ್) ಲಿನಕ್ಸನ್ನ ಒಳಗೆ ಬಿಟ್ಕೊಳ್ಳಲ್ಲ. ಅವೇ ಬೇಕು ಅಂದ್ರೆ ವಿಂಡೋಸ್ ಪಕ್ಕದಲ್ಲೇ ಇರ್ಲಿ.

ಡಿಸ್ಟ್ರೋ, ಅಂದ್ರೆ ಲಿನಕ್ಸ್‌ನ ಬಗೆ, ಯಾವ್ದು? ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. ಇಪ್ಪತ್ತು ವಿಡಿಯೋ ನೋಡಿ ತಲೆ ಕೆಡಿಸ್ಕೋಬೇಡಿ. ಅದರ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಇಳಿಸಿ, ರೂಫಸ್ ಅನ್ನೋ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಬರೀರಿ, ಅಷ್ಟೇ. ಹೆಸರಿಲ್ಲದ ಅಗ್ಗದ ಪೆನ್‌ಡ್ರೈವ್ ಮಾತ್ರ ಬೇಡ, ಮೇಲೆ 64 ಅಂತಿರುತ್ತೆ, ಒಳಗೆ ಅಷ್ಟು ಜಾಗಾನೇ ಇರಲ್ಲ.

ಈಗ ಡಿಸ್ಕ್. ಫೋಟೋ, ದಾಖಲೆ ಎಲ್ಲಾ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿ ಆದ ಫೈಲ್ ನಾಲ್ಕೈದು ತೆರೆದೂ ನೋಡಿ. ಆಮೇಲೆ ವಿಂಡೋಸ್ ಒಳಗೇ ಮೂರು ಕೆಲಸ ಇದೆ. ಡಿಸ್ಕಿಗೆ ಬೀಗ ಹಾಕೋ (ಎನ್‌ಕ್ರಿಪ್ಟ್ ಮಾಡೋ) ಬಿಟ್‌ಲಾಕರ್ ಆನ್ ಇದ್ಯಾ ನೋಡಿ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ದೇನೇ ಆನ್ ಆಗಿರಬಹುದು, ರಿಕವರಿ ಕೀ ಪೇಪರ್ ಮೇಲೆ ಬರ್ಕೊಂಡು ಅದನ್ನ ಆಫ್ ಮಾಡಿ, ಡಿಕ್ರಿಪ್ಟ್ (ಬೀಗ ತೆಗೆಯೋ ಕೆಲಸ) ಪೂರ್ತಿ ಮುಗಿಯೋವರೆಗೂ ಕಾಯಿರಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ದಿದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಆ ಡ್ರೈವ್‌ಗೆ ಲಿನಕ್ಸಿಂದ ಬರೆಯೋಕಾಗಲ್ಲ. ಕೊನೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಶ್ರಿಂಕ್ ಮಾಡಿ (ಚಿಕ್ಕದು ಮಾಡಿ), ಗೇಮ್ ಆಡೋರು ಲಿನಕ್ಸ್‌ಗೆ ಕನಿಷ್ಠ 150 ಜಿಬಿ ಬಿಡಿ, ಆ ಖಾಲಿ ಜಾಗಾನ ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ.

ಈಗ ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಇನ್‌ಸ್ಟಾಲರ್ ತೆರೀರಿ, ಅದು ಎರಡು ದಾರಿ ತೋರಿಸುತ್ತೆ. ‘ಎರೇಸ್ ಡಿಸ್ಕ್’ ಅಂದ್ರೆ ಸಿ ಡ್ರೈವ್ ಅಷ್ಟೇ ಅಲ್ಲ, ಅದೇ ಡಿಸ್ಕಲ್ಲಿರೋ ಡಿ, ಇ ಎಲ್ಲಾ ಹೋಗುತ್ತೆ. ‘ಡಿ ಡ್ರೈವಲ್ಲಿದೆ ಬಿಡಿ’ ಅಂತ ಒತ್ತಿ ಮಗುವಿನ ಫೋಟೋಗಳನ್ನ ಕಳ್ಕೊಂಡವರನ್ನ ನಾನೇ ನೋಡಿದೀನಿ. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಆರಿಸಿ, ಅದು ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕುತ್ತೆ. ಲಿನಕ್ಸಲ್ಲಿ ಸಿ, ಡಿ ಅನ್ನೋ ಹೆಸರೇ ಇಲ್ಲ, ಎಸ್‌ಡಿಎ, ಎನ್‌ವಿಎಂಇ ಅಂತಿರುತ್ತೆ, ಅದಕ್ಕೇ ಸೈಜ್ ನೋಡಿ ಗುರುತು ಹಿಡೀರಿ. ಎರಡನೇ ಎಸ್‌ಎಸ್‌ಡಿ ಹಾಕೋಕೆ ಜಾಗ ಇದ್ರೆ ಹಾಕಿ, ಲಿನಕ್ಸ್ ಅದರಲ್ಲೇ ಇರ್ಲಿ, ಇನ್‌ಸ್ಟಾಲ್ ಮಾಡೋವಾಗ ಹಳೇ ಡಿಸ್ಕ್ ಬಿಚ್ಚಿಟ್ಟುಬಿಡಿ, ಯಾವ ತಾಪತ್ರಯಾನೂ ಇಲ್ಲ.

ಎಎಂಡಿ, ಇಂಟೆಲ್ ಗ್ರಾಫಿಕ್ಸ್‌ಗೆ ಡ್ರೈವರ್ ಜೊತೇಲೇ ಬರುತ್ತೆ. ಎನ್‌ವಿಡಿಯಾ ಇದ್ರೆ ಡ್ರೈವರ್ ಮ್ಯಾನೇಜರ್ ತೆರೆದು ‘ರೆಕಮೆಂಡೆಡ್’ ಇರೋದನ್ನೇ ಹಾಕಿ, ವೆಬ್‌ಸೈಟಿಂದ ಇಳಿಸ್ಕೋಬೇಡಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಲೋಡ್ ಆಗದಂತೆ ತಡೆಯೋ ಕಂಪ್ಯೂಟರಿನ ಸೆಟ್ಟಿಂಗ್) ಆನ್ ಇದ್ರೆ ಒಂದು ಪಾಸ್‌ವರ್ಡ್ ಇಡೋಕೆ ಹೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬರುತ್ತೆ, ಅಲ್ಲಿ ‘ಎನ್ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಹಾಕಿ. ಗಾಬರಿಯಲ್ಲಿ ಎಂಟರ್ ಒತ್ತಿ ಮುಂದೆ ಹೋದ್ರೆ ಡ್ರೈವರ್ ಲೋಡೇ ಆಗಲ್ಲ.

ಆಮೇಲೆ ವಾಲ್ವ್ ಕಂಪನಿಯ ಗೇಮ್ ಅಂಗಡಿ ಸ್ಟೀಮ್ ಹಾಕಿ, ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಎಲ್ಲಾ ಗೇಮ್‌ಗೂ ಆನ್ ಇದ್ಯಾ ನೋಡಿ. ವಾಲ್ವ್ 2018ರಲ್ಲಿ ತಂದಿದ್ದು ಇದು, ವಿಂಡೋಸ್ ಗೇಮನ್ನೇ ಲಿನಕ್ಸಲ್ಲಿ ಓಡಿಸುತ್ತೆ. ಎಪಿಕ್, ಜಿಒಜಿ ಅಂಗಡಿಗಳ ಗೇಮ್‌ಗಳಿಗೆ ಹೀರೋಯಿಕ್ ಅನ್ನೋ ಆ್ಯಪ್ ಇದೆ. ಡೌನ್‌ಲೋಡ್ ಉಳಿಸೋಣ ಅಂತ ಹಳೇ ವಿಂಡೋಸ್ ಡ್ರೈವಲ್ಲಿರೋ ಗೇಮ್ ಫೋಲ್ಡರ್‌ನಿಂದಲೇ ಆಡೋಕೆ ಹೋಗಬೇಡಿ, ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ನ ಫಾರ್ಮ್ಯಾಟ್) ಮೇಲೆ ಪ್ರೋಟಾನ್ ಪದೇ ಪದೇ ಕೈ ಕೊಡುತ್ತೆ, ಫೋಲ್ಡರನ್ನ ಲಿನಕ್ಸ್ ಕಡೆಗೆ ಕಾಪಿ ಮಾಡ್ಕೊಂಡು ಆಡಿ.